ಬಾಗುವ ಬೆಲ್ಟು, ಬಿಡದ ಚೈನು



1935ನೆಯ ಇಸವಿಯಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರೇಷಕಯಂತ್ರವನ್ನು ಸ್ಥಾಪಿಸಿ ಬಾನುಲಿ ಕೇಂದ್ರವನ್ನು ನಡೆಸಲು ತೊಡಗಿದರು. ಇಂದು ಇಡೀ ಭಾರತದ ಬಾನುಲಿಗೆ ಸಲ್ಲುತ್ತಿರುವ ‘ಆಕಾಶವಾಣಿ’ ಎಂಬ ನಾಮಧೇಯವು ಮೊದಲು ಒದಗಿದುದು ಆ ಮನೆಯ ಕೇಂದ್ರಕ್ಕೆ. ಮನೆಯಲ್ಲಿ ಕಟ್ಟುವ ಯಂತ್ರವೊಂದರ ವಿಷಯವಾಗಿ ಇದೇ ಬಾನುಲಿಯಲ್ಲಿ ಮಾತನಾಡಲು ಕುಳಿತಿರುವ ನನಗೆ ಆ ಸ್ಮರಣೆಯಿಂದ ಆರಂಭಿಸುವುದೇ ಉಚಿತವೆಂದು ತೋರುತ್ತದೆ. ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಮೀಸಲೆಂದು ಜನ ತಿಳಿದಿರುವ ಅನೇಕ ಕಾರ್ಯಗಳು ಮನೆಯ ಹಿತ್ತಿಲಿನಲ್ಲಿ, ತಾಳ್ಮೆಯುಳ್ಳ ಒಬ್ಬಿಬ್ಬರ ಕೈಯಲ್ಲಿ ಮೊದಲ ಉಸಿರನ್ನು ಎಳೆದಿವೆ.

ಹಳ್ಳಿಯಲ್ಲಿ ಗೊಬ್ಬರವನ್ನೋ ಹಸಿ ಹುಲ್ಲನ್ನೋ ತೋಟದಿಂದ ಕೊಟ್ಟಿಗೆಗೆ ಸಾಗಿಸಲು ಸಣ್ಣ ಎಂಜಿನಿನ ಬಂಡಿಯೊಂದನ್ನು ಕಟ್ಟಬೇಕೆಂಬ ರೈತ, ಪಟ್ಟಣದಲ್ಲಿ ಹಳೆಯ ಸ್ಕೂಟರಿನ ಗಾಲಿಗಳನ್ನೂ ಗುಜರಿಯ ಕೊಳವೆಗಳನ್ನೂ ಕೂಡಿಹಾಕಿ ನಾಲ್ಕು ಗಾಲಿಯ ವಾಹನವನ್ನು ಮಾಡಬೇಕೆಂದು ಹಂಬಲಿಸುವ ವಿದ್ಯಾರ್ಥಿ, ಇವರಿಬ್ಬರೂ ಚೌಕಟ್ಟನ್ನು ಬೆಸುಗೆ ಹಾಕಿಸಿ, ಎಂಜಿನನ್ನು ಅದರ ಮೇಲೆ ಕೂರಿಸಿ, ಸಂತೋಷದಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡುವ ಹೊತ್ತಿಗೆ ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ: ಎಂಜಿನಿನ ತಿರುಗಾಟವನ್ನು ಗಾಲಿಗೆ ಮುಟ್ಟಿಸುವುದು ಬೆಲ್ಟಿನಿಂದಲೋ, ಚೈನಿನಿಂದಲೋ? ಅಂಗಡಿಯವನು ತನ್ನಲ್ಲಿರುವುದನ್ನು ಹೊಗಳುವನು. ಗೆಳೆಯನು ತಾನು ಕಂಡುದನ್ನು ಹೇಳುವನು. ಆದರೆ ಈ ಎರಡರ ಸ್ವಭಾವವನ್ನು ತಾನೇ ವಿಚಾರಿಸಿ ತಿಳಿಯದೆ ಆರಿಸಿದವನು ಬಂಡಿಯನ್ನು ಎರಡು ಸಲ ಕಟ್ಟಬೇಕಾಗುವುದೆಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ.

ನಾನೂ ನನ್ನ ಅಣ್ಣನೂ ಹುಡುಗರಾಗಿದ್ದಾಗ ತೋಟದ ಬಾವಿಯ ಬಳಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಸೀಮೆಎಣ್ಣೆ ಎಂಜಿನನ್ನು ರಿಪೇರಿ ಮಾಡಿ, ಹಲಗೆಯ ಬಂಡಿಯೊಂದಕ್ಕೆ ಬಿಗಿದೆವು. ಹಿಟ್ಟಿನ ಗಿರಣಿಯಲ್ಲಿ ಸವೆದು ತೆಗೆದಿಟ್ಟಿದ್ದ ಚಪ್ಪಟೆ ಬೆಲ್ಟಿನ ತುಂಡನ್ನು ಬೇಡಿ ತಂದು, ಹಿಂದಿನ ಗಾಲಿಗೆ ಮರದ ದೊಡ್ಡ ಪುಲ್ಲಿಯನ್ನು ಜೋಡಿಸಿ, ಎಂಜಿನಿಗೂ ಅದಕ್ಕೂ ಬೆಲ್ಟನ್ನು ಹಾಕಿದೆವು. ಬೇಸಗೆಯಲ್ಲಿ ಬಂಡಿ ಅಂಗಳದ ಸುತ್ತ ಸೊಗಸಾಗಿ ಓಡಿತು. ಆಷಾಢದ ತುಂತುರು ಬಿದ್ದ ದಿನ, ಮನೆಯ ಮುಂದಿನ ಏರಿನಲ್ಲಿ, ಎಂಜಿನು ಮೊರೆಯುತ್ತಲೇ ಇತ್ತು, ಪುಲ್ಲಿ ತಿರುಗುತ್ತಲೇ ಇತ್ತು, ಬೆಲ್ಟು ಮಾತ್ರ ಅದರ ಮೇಲೆ ಜಾರಿ ಹೊಗೆಯಾಡಿತು. ಬಂಡಿ ಒಂದು ಗೇಣೂ ಮುಂದಕ್ಕೆ ಹೋಗಲಿಲ್ಲ. ಬೆಲ್ಟಿನ ಸಹವಾಸವೇ ಬೇಡವೆಂದು ಮರುವರ್ಷ ಸೈಕಲ್ಲಿನ ಚೈನನ್ನು ಹಾಕಿದೆವು. ಅದು ಜಾರಲಿಲ್ಲವೆಂಬುದು ದಿಟ. ಆದರೆ ಅದೇ ಏರಿನ ಅರ್ಧದಲ್ಲಿ ಎಂಜಿನು ಒಮ್ಮೆ ತಡವರಿಸಿ ಮತ್ತೆ ಜಗ್ಗಿದ ಕ್ಷಣದಲ್ಲಿ ಚೈನಿನ ಕೂಡುಕೊಂಡಿ ಹರಿದುಹೋಯಿತು. ಬ್ರೇಕಿನ ಮರದ ತುಂಡನ್ನು ಎಂಜಿನಿನ ಬದಿಯ ಚಕ್ರಕ್ಕೇ ಒತ್ತುವಂತೆ ಇಟ್ಟಿದ್ದೆವಾದುದರಿಂದ ಚೈನು ಹರಿದೊಡನೆ ಬ್ರೇಕೂ ಇಲ್ಲವಾಗಿ, ಬಂಡಿ ಹಿಮ್ಮುಖವಾಗಿ ಉರುಳಿ ಬೇಲಿಯಲ್ಲಿ ಹೋಗಿ ನಿಂತಿತು. ಅಣ್ಣನ ಮೊಣಕಾಲಿನ ಗಾಯದ ಕಲೆ ಇಂದಿಗೂ ಉಳಿದಿದೆ.

ಬೆಲ್ಟನ್ನು ಕೊಟ್ಟಿದ್ದ ಗಿರಣಿಯ ಯಜಮಾನರು ಮರುದಿನ ಸಂಜೆ ಬಂದು, ಮುರಿದ ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಮಕ್ಕಳಿರಾ, ಎರಡೂ ಒಳ್ಳೆಯವೇ ಕಣ್ರಪ್ಪ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದೀರಿ” ಎಂದರು. ಆ ಒಂದು ಮಾತಿನ ಅರ್ಥವನ್ನು ಪೂರ್ತಿಯಾಗಿ ತಿಳಿಯಲು ನನಗೆ ಮುಂದೆ ಅನೇಕ ವರ್ಷಗಳು ಹಿಡಿದವು. ಈ ಹೊತ್ತು ನಾನು ನಿವೇದಿಸಬೇಕೆಂದಿರುವುದು ಆ ಮಾತಿನ ವ್ಯಾಖ್ಯಾನವನ್ನೇ.

ಮೊದಲು ಬೆಲ್ಟಿನ ಸ್ವಭಾವವನ್ನು ನೋಡೋಣ. ಬೆಲ್ಟು ಪುಲ್ಲಿಯನ್ನು ಹಿಡಿಯುವುದು ಹಲ್ಲಿನಿಂದಲ್ಲ, ಘರ್ಷಣೆಯಿಂದ. ಕೊಸರಾಡುವ ಹೋರಿಯನ್ನು ಹಿಡಿಯಲಾರದ ಬಾಲಕನು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಎರಡು ಬೆರಳುಗಳಿಂದ ಹಿಡಿದು ನಿಂತುಬಿಡುವುದನ್ನು ನೀವೆಲ್ಲರೂ ಕಂಡಿರುವಿರಷ್ಟೆ. ಇಲ್ಲಿ ಹೋರಿಯನ್ನು ತಡೆಯುವುದು ಬಾಲಕನಲ್ಲ, ಕಂಬವನ್ನು ಅಪ್ಪಿರುವ ಹಗ್ಗ. ಹದಿನೆಂಟನೆಯ ಶತಮಾನದ ಮಹಾಗಣಿತಜ್ಞ ಆಯ್ಲರನು ಇದರ ನಿಯಮವನ್ನು ಲೆಕ್ಕಕ್ಕೆ ಇಳಿಸಿದನು. ಸುತ್ತು ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಹಗ್ಗಕ್ಕೂ ಕಂಬಕ್ಕೂ ನಡುವೆ ಸಾಧಾರಣವಾದ ಘರ್ಷಣೆಯಿದ್ದರೆ ಒಂದು ಸುತ್ತಿಗೆ ಆರು ಪಟ್ಟಿನಷ್ಟು ಎಳೆತವನ್ನು ತಡೆಯಬಹುದು. ಎರಡು ಸುತ್ತಿಗೆ ಹನ್ನೆರಡು ಪಟ್ಟಲ್ಲ, ನಲವತ್ತು ಪಟ್ಟಿಗೂ ಮಿಗಿಲು. ಆದರೆ ತಿರುಗುವ ಬೆಲ್ಟಿಗೆ ಎರಡು ಸುತ್ತಿನ ಭಾಗ್ಯವಿಲ್ಲ. ಅದು ಪುಲ್ಲಿಯನ್ನು ಅರ್ಧ ಸುತ್ತು ಮಾತ್ರ ಅಪ್ಪಿರುತ್ತದೆ, ಸಣ್ಣ ಪುಲ್ಲಿಯ ಮೇಲಾದರೋ ಅರ್ಧಕ್ಕೂ ಕಡಮೆ. ಆ ಅರ್ಧ ಸುತ್ತಿನಲ್ಲಿ ಚಪ್ಪಟೆ ಬೆಲ್ಟಿನ ಬಿಗಿಯಾದ ಬದಿಯ ಎಳೆತವು ಸಡಿಲವಾದ ಬದಿಯ ಎಳೆತದ ಎರಡೂವರೆ ಪಟ್ಟಿಗೆ ಏರಿತೆಂದರೆ ಜಾರಲು ಮೊದಲಾಗುತ್ತದೆ. ಗಿರಣಿಯವರು ಬೆಲ್ಟಿಗೆ ರಾಳವನ್ನು ಹಚ್ಚುವುದು, ಎರಡು ಪುಲ್ಲಿಗಳನ್ನು ಒಂದರಿಂದೊಂದು ಬಹುದೂರದಲ್ಲಿ ನಿಲ್ಲಿಸುವುದು, ಇವೆಲ್ಲ ಈ ಕೊರತೆಯನ್ನು ತುಂಬುವ ಉಪಾಯಗಳು. ನಮ್ಮ ಹಲಗೆಯ ಬಂಡಿಯಲ್ಲಿ ರಾಳವೂ ಇರಲಿಲ್ಲ, ದೂರವೂ ಇರಲಿಲ್ಲ. ಮೇಲೆ ಮಳೆ ಬೇರೆ.

ಈ ಕೊರತೆಗೆ ಪರಿಹಾರವಾಗಿ ಬಂದುದು ವಿ ಬೆಲ್ಟು. 1917ರಲ್ಲಿ ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್ ಎಂಬುವನು ರಬ್ಬರನ್ನೂ ನೂಲನ್ನೂ ಕೂಡಿಸಿ, ಅಡ್ಡಲಾಗಿ ಕೊಯ್ದರೆ ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಕಾಣುವ ಈ ಬೆಲ್ಟನ್ನು ರೂಪಿಸಿದನು. ಇದು ಪುಲ್ಲಿಯ ಬೆನ್ನಿನ ಮೇಲೆ ಕೂರುವುದಿಲ್ಲ. ಅದರ ಓರೆಯಾದ ಕಾಲುವೆಯೊಳಗೆ ಇಳಿದು, ಮರ ಸೀಳುವ ಬೆಣೆಯಂತೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ, ಇಳಿದಷ್ಟೂ ಬಿಗಿಯಾಗುತ್ತದೆ. ಆ ಬೆಣೆಯ ಗುಣದಿಂದ ಘರ್ಷಣೆಯು ಮೂರು ಪಟ್ಟಾದಂತಾಗಿ, ಚಪ್ಪಟೆ ಬೆಲ್ಟಿನಲ್ಲಿ ಎರಡೂವರೆಯಾಗಿದ್ದ ಆ ಪಟ್ಟು ಇಲ್ಲಿ ಹದಿನೈದಕ್ಕೂ ಮಿಗಿಲಾಗಿ ಏರುತ್ತದೆ. ಆದುದರಿಂದಲೇ ಪುಲ್ಲಿಗಳನ್ನು ಹತ್ತಿರ ಹತ್ತಿರ ಇಟ್ಟು, ಸಣ್ಣ ಬಂಡಿಯ ಇಕ್ಕಟ್ಟಿನಲ್ಲಿಯೂ ಬೆಲ್ಟನ್ನು ಬಳಸುವುದು ಸಾಧ್ಯವಾಯಿತು. ಒಂದು ಎಚ್ಚರ ಮಾತ್ರ ಅವಶ್ಯ: ಬೆಲ್ಟು ಕಾಲುವೆಯ ತಳವನ್ನು ಮುಟ್ಟಬಾರದು. ಸವೆದ ಪುಲ್ಲಿಯಲ್ಲಿ ತಳ ಮುಟ್ಟಿದ ವಿ ಬೆಲ್ಟು ತನ್ನ ಬೆಣೆಯ ಗುಣವನ್ನು ಕಳೆದುಕೊಂಡು, ಕೇವಲ ಚಪ್ಪಟೆ ಬೆಲ್ಟಾಗಿ ಬಿಡುತ್ತದೆ.

ಬೆಲ್ಟಿನ ಮುಖ್ಯ ಗುಣವೆಂದರೆ ಅದರ ಸೈರಣೆ. ಒಂಟಿ ಸಿಲಿಂಡರಿನ ಸಣ್ಣ ಎಂಜಿನು ಒಂದೇ ಸಮನೆ ತಿರುಗುವುದಿಲ್ಲ. ನಾಲ್ಕು ಹೊಡೆತದ ಎಂಜಿನಾದರೆ ಎರಡು ಸುತ್ತಿಗೆ ಒಮ್ಮೆ ಮಾತ್ರ ಅದರ ಒಡಲಿನಲ್ಲಿ ಬೆಂಕಿ ಹೊತ್ತುತ್ತದೆ, ಉಳಿದ ಹೊತ್ತೆಲ್ಲ ಅದು ಗತಿಚಕ್ರದ ಸಾಲದ ಮೇಲೆ ಬದುಕುತ್ತದೆ. ಆ ಒಂದೊಂದು ಹೊಡೆತವನ್ನೂ ಬೆಲ್ಟು ತನ್ನಲ್ಲಿ ನುಂಗಿಕೊಂಡು ಮುಂದಕ್ಕೆ ಮೃದುವಾಗಿ ದಾಟಿಸುತ್ತದೆ. ಗಾಲಿಗೆ ಕಲ್ಲು ಅಡ್ಡವಾದರೆ ಕ್ಷಣಕಾಲ ಜಾರಿ, ಎಂಜಿನಿನ ದಂಡವನ್ನೂ ಸವಾರನ ಮೈಯನ್ನೂ ಕಾಪಾಡುತ್ತದೆ. ಅದಕ್ಕೆ ಎಣ್ಣೆ ಬೇಡ, ಸದ್ದೂ ಇಲ್ಲ. ಎಲ್ಲಕ್ಕೂ ಮಿಗಿಲಾಗಿ, ಬೆಲ್ಟನ್ನು ತುಸು ಉದ್ದವಾಗಿಯೇ ಹಾಕಿ, ಅದರ ಸಡಿಲವಾದ ಬದಿಯನ್ನು ಒತ್ತುವ ಮೂರನೆಯ ಪುಟ್ಟ ಪುಲ್ಲಿಯೊಂದನ್ನು ಸನ್ನೆಕೋಲಿನ ತುದಿಗೆ ಜೋಡಿಸಿದರೆ, ಅದೇ ಒಂದು ಕ್ಲಚ್ಚು: ಕೋಲನ್ನು ಬಿಟ್ಟರೆ ಬೆಲ್ಟು ಸಡಿಲವಾಗಿ ಎಂಜಿನು ತನ್ನಷ್ಟಕ್ಕೆ ತಿರುಗುವುದು, ಮೆಲ್ಲನೆ ಒತ್ತಿದರೆ ಬಂಡಿ ಮೆಲ್ಲನೆ ಹೊರಡುವುದು. ಹಣ ತೆತ್ತು ಬೇರೆ ಕ್ಲಚ್ಚನ್ನು ಕೊಳ್ಳಲಾರದ ಮನೆಯ ಕುಶಲಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಇನ್ನಾವ ಉಪಾಯವೂ ಮಾಡಲಾರದು.

ಇನ್ನು ಚೈನು. ಅದರದು ಅಪ್ಪುಗೆಯಲ್ಲ, ಕಚ್ಚು. 1880ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ ಎಂಬ ಕುಶಲನು, ಒಳಗೆ ಕಡ್ಡಿ, ಅದರ ಮೇಲೆ ಬುಷ್ಷು, ಬುಷ್ಷಿನ ಮೇಲೆ ಉರುಳುವ ರೋಲರು ಎಂಬ ಈಗಿನ ರಚನೆಗೆ ಪೇಟೆಂಟನ್ನು ಪಡೆದನು. ಮುಂದೆ ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ಅದೇ ಕುಲದ ಚೈನು ಒದಗಿತು. 1903ರ ಡಿಸೆಂಬರಿನಲ್ಲಿ ಆಕಾಶಕ್ಕೆ ಏರಿದ ರೈಟ್ ಸೋದರರ ವಿಮಾನದ ಎರಡು ಪಂಖಗಳನ್ನು ತಿರುಗಿಸಿದುದೂ ಚೈನೇ; ಆ ಸೋದರರು ಸೈಕಲ್ಲಿನ ಕಸಬಿನವರು. ಚೈನು ಜಾರುವುದಿಲ್ಲ, ಮಳೆಯಲ್ಲಿಯೂ ಜಾರುವುದಿಲ್ಲ, ಏರಿನಲ್ಲಿಯೂ ಜಾರುವುದಿಲ್ಲ. ಚೊಕ್ಕಟವಾಗಿ ಎಣ್ಣೆಯುಂಡ ಚೈನು ತನಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟನ್ನು ಆಚೆಗೆ ಮುಟ್ಟಿಸುತ್ತದೆ. ಬೆಲ್ಟಾದರೋ ಬಾಗಿ ಬಾಗಿ ಬಿಸಿಯಾಗುವುದರಲ್ಲಿಯೇ ಐದರಷ್ಟನ್ನು ಕಳೆದುಕೊಳ್ಳುವುದುಂಟು. ಇದನ್ನು ನಾನು ಚೈನಿನ ನಿಷ್ಠೆಯೆಂದು ಕರೆಯುತ್ತೇನೆ. ಆದರೆ ಆ ನಿಷ್ಠೆಯಲ್ಲಿ ಒಂದು ಕಾಠಿಣ್ಯವಿದೆ. ಎಂಜಿನಿನ ಪ್ರತಿಯೊಂದು ಹೊಡೆತವನ್ನೂ ಅದು ಹಾಗೆಯೇ ಗಾಲಿಗೆ ಒಯ್ಯುತ್ತದೆ. ಗಾಲಿಯ ಪ್ರತಿಯೊಂದು ಧಕ್ಕೆಯನ್ನೂ ಹಾಗೆಯೇ ಎಂಜಿನಿಗೆ ತರುತ್ತದೆ. ಬಾಗಲು ಅರಿಯದ ಕಾರಣ, ಮಿತಿ ಮೀರಿದರೆ ಹರಿಯುತ್ತದೆ.

ಚೈನಿಗೆ ಇನ್ನೊಂದು ಸೂಕ್ಷ್ಮ ದೋಷವಿದೆ. ಹಲ್ಲುಚಕ್ರದ ಮೇಲೆ ಕೂತ ಚೈನು ವೃತ್ತವಾಗಿರುವುದಿಲ್ಲ, ಬಹುಭುಜವಾಗಿರುತ್ತದೆ. ಆದುದರಿಂದ ಒಂದೊಂದು ಹಲ್ಲು ದಾಟುವಾಗಲೂ ಅದರ ವೇಗವು ತುಸು ಏರಿ ತುಸು ಇಳಿಯುತ್ತದೆ. ಹತ್ತು ಹಲ್ಲಿನ ಚಕ್ರದಲ್ಲಿ ಈ ಏರಿಳಿತವು ನೂರಕ್ಕೆ ಸುಮಾರು ಐದು. ಹದಿನೈದು ಹಲ್ಲಿಗೆ ಎರಡಕ್ಕೆ ಇಳಿಯುತ್ತದೆ. ಹದಿನೇಳಕ್ಕೆ ಎರಡಕ್ಕೂ ಕಡಮೆ. ವೇಗವಾಗಿ ತಿರುಗುವ ಎಂಜಿನಿನ ದಂಡಕ್ಕೆ ಹತ್ತು ಹಲ್ಲಿನ ಪುಟ್ಟ ಚಕ್ರವನ್ನು ಹಾಕಿದವನು ನಿಮಿಷಕ್ಕೆ ಸಾವಿರಾರು ಸಲ ಈ ಜಗ್ಗಾಟವನ್ನು ತಾನೇ ಬಂಡಿಯೊಳಕ್ಕೆ ಕರೆದಂತಾಯಿತು. ನಿಧಾನವಾಗಿ ತಿರುಗುವ ಕಡೆಯಲ್ಲಿ ಇದೇ ದೋಷವು ಕಣ್ಣಿಗೂ ಬೀಳುವುದಿಲ್ಲ, ಕಿವಿಗೂ ಕೇಳುವುದಿಲ್ಲ.

ಶ್ರೋತೃಗಳೇ, ಇಷ್ಟು ಹೇಳುವಾಗಲೇ ಗಿರಣಿಯ ಯಜಮಾನರ ಮಾತಿನ ಅರ್ಥವು ನಿಮಗೆ ಹೊಳೆದಿರಬಹುದು. ವೇಗ ಹೆಚ್ಚಾಗಿ ಎಳೆತ ಕಡಮೆಯಾಗಿರುವ ಸ್ಥಳವೊಂದು, ವೇಗ ಕಡಮೆಯಾಗಿ ಎಳೆತ ಹೆಚ್ಚಾಗಿರುವ ಸ್ಥಳ ಇನ್ನೊಂದು. ಒಂದೇ ಬಂಡಿಯಲ್ಲಿ ಇವೆರಡೂ ಇರುತ್ತವೆ. ಮೊದಲನೆಯದು ಎಂಜಿನಿನ ಮಗ್ಗುಲು. ಅಲ್ಲಿ ಬೇಕಾದುದು ಸೈರಣೆ. ಎರಡನೆಯದು ಗಾಲಿಯ ಮಗ್ಗುಲು. ಅಲ್ಲಿ ಬೇಕಾದುದು ನಿಷ್ಠೆ. ಇದು ನಮ್ಮ ಊರಿನ ಗಿರಣಿಯವರೊಬ್ಬರ ಕಲ್ಪನೆಯಲ್ಲ. ಮೋಟಾರು ವಾಹನದ ಇತಿಹಾಸವೇ ಇದಕ್ಕೆ ಸಾಕ್ಷಿ. 1886ರಲ್ಲಿ ಜರ್ಮನಿಯ ಕಾರ್ಲ್ ಬೆನ್ಜ್ ಪೇಟೆಂಟು ಪಡೆದ ಮೂರು ಗಾಲಿಯ ವಾಹನದಲ್ಲಿ ಎಂಜಿನಿನಿಂದ ನಡುವಿನ ದಂಡಕ್ಕೆ ಬೆಲ್ಟಿತ್ತು, ಆ ದಂಡದಿಂದ ಹಿಂದಿನ ಎರಡು ಗಾಲಿಗಳಿಗೆ ಚೈನುಗಳಿದ್ದವು. ಅದರ ಎಂಜಿನಿನ ಬಲವು ಒಂದು ಅಶ್ವಶಕ್ತಿಗೂ ಕಡಮೆ. ಅವನ ಪತ್ನಿ ಬರ್ಥಾ 1888ರ ಆಗಸ್ಟಿನಲ್ಲಿ, ಗಂಡನಿಗೆ ತಿಳಿಸದೆ, ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು, ಬೆನ್ಜನ ಇಂಥದೇ ವಾಹನವೊಂದರಲ್ಲಿ ಮ್ಯಾನ್‌ಹೈಮ್ ನಗರದಿಂದ ಫೋರ್ಜ್‌ಹೈಮಿನ ತನ್ನ ತವರಿಗೆ ಸುಮಾರು ನೂರು ಕಿಲೋಮೀಟರ್ ದೂರ ಪ್ರಯಾಣ ಮಾಡಿದಳು. ದಾರಿಯಲ್ಲಿ ಕಡಿದಾದ ಏರುಗಳಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು. ಚೈನು ಕೆಟ್ಟಾಗ ಬ್ರೂಕ್ಸಾಲ್ ಎಂಬ ಊರಿನ ಕಮ್ಮಾರನೊಬ್ಬನು ಅದನ್ನು ಸರಿಪಡಿಸಿಕೊಟ್ಟನು. ಮೋಟಾರು ವಾಹನದ ಮೊದಲ ದೀರ್ಘಯಾತ್ರೆಯು ಊರಿನ ಕಮ್ಮಾರನ ಕುಲುಮೆಯ ನೆರವಿನಿಂದ ನೆರವೇರಿತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಬೆನ್ಜನ ಪೇಟೆಂಟಿನ ಹತ್ತು ವರ್ಷಗಳ ತರುವಾಯ, 1896ರ ಜೂನಿನಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡ್ ತನ್ನ ಬಾಡಿಗೆ ಮನೆಯ ಹಿಂದಿನ ಇಟ್ಟಿಗೆಯ ಕೊಟ್ಟಿಗೆಯಲ್ಲಿ ಕಟ್ಟಿದ ಮೊದಲ ಬಂಡಿಯೂ ಇದೇ ಕ್ರಮದ್ದು. ಅದಕ್ಕೆ ಸೈಕಲ್ಲಿನ ನಾಲ್ಕು ಗಾಲಿಗಳು, ಎರಡು ಸಿಲಿಂಡರಿನ ಎಂಜಿನು. ಎಂಜಿನಿನಿಂದ ನಡುದಂಡಕ್ಕೆ ಬೆಲ್ಟು, ನಡುದಂಡದಿಂದ ಹಿಂದಿನ ಗಾಲಿಗೆ ಚೈನು. ಬೆಲ್ಟನ್ನು ಪಲ್ಲಟಿಸುವ ಒಂದು ಸನ್ನೆಕೋಲು. ಅದನ್ನು ಮುಂದಕ್ಕೆ ತಳ್ಳಿದರೆ ಗಂಟೆಗೆ ಇಪ್ಪತ್ತು ಮೈಲಿ, ಹಿಂದಕ್ಕೆ ಎಳೆದರೆ ಹತ್ತು ಮೈಲಿ, ನೆಟ್ಟಗೆ ನಿಲ್ಲಿಸಿದರೆ ಎಂಜಿನು ಮಾತ್ರ ತಿರುಗುವುದು, ಬಂಡಿ ನಿಲ್ಲುವುದು. ಬಂಡಿ ಸಿದ್ಧವಾದ ರಾತ್ರಿ ಅದು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಯದೆ, ಫೋರ್ಡ್ ಕೊಡಲಿಯಿಂದ ಗೋಡೆಯ ಇಟ್ಟಿಗೆಗಳನ್ನು ಒಡೆದು ಅದನ್ನು ಹೊರಕ್ಕೆ ತಂದನು. ಗೋಡೆಯ ಅಳತೆಯಲ್ಲಿ ತಪ್ಪಿದ ಆ ಮನುಷ್ಯನು ಬೆಲ್ಟು ಚೈನುಗಳ ಸ್ಥಾನದಲ್ಲಿ ತಪ್ಪಲಿಲ್ಲ.

ಈಗ ನಮ್ಮ ಬಂಡಿಗೆ ಬರೋಣ. ಕಾಗದ ಪೆನ್ಸಿಲುಗಳು ಹತ್ತಿರವಿದ್ದವರು ನನ್ನೊಡನೆ ಲೆಕ್ಕ ಹಾಕಬಹುದು. ಮೂರು ಅಶ್ವಶಕ್ತಿಯ ಸಣ್ಣ ಎಂಜಿನು. ಅದು ದುಡಿಯುವಾಗ ನಿಮಿಷಕ್ಕೆ 2400 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಗಾಲಿಯ ವ್ಯಾಸ 16 ಅಂಗುಲ; ಒಂದು ಸುತ್ತಿಗೆ ಅದು ಸುಮಾರು ಒಂದೂಕಾಲು ಮೀಟರು ಮುಂದೆ ಹೋಗುತ್ತದೆ. ಗಂಟೆಗೆ 20 ಕಿಲೋಮೀಟರು ವೇಗ ಸಾಕೆಂದರೆ, ಮನೆಯ ಬಂಡಿಗೆ ಅದು ಸಾಕೇ ಸಾಕು, ಗಾಲಿಯು ನಿಮಿಷಕ್ಕೆ ಸುಮಾರು 266 ಸುತ್ತು ತಿರುಗಬೇಕು. ಅಂದರೆ ಎಂಜಿನು ಒಂಬತ್ತು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಇದನ್ನು ಒಂದೇ ನೆಗೆತದಲ್ಲಿ ಸಾಧಿಸಹೊರಟರೆ ಏನಾಗುವುದು? ಬೆಲ್ಟಿನಲ್ಲಾದರೆ, ಎಂಜಿನಿನ ಪುಲ್ಲಿ 3 ಅಂಗುಲವಿದ್ದಾಗ ಗಾಲಿಯ ಪುಲ್ಲಿ 27 ಅಂಗುಲವಿರಬೇಕು. ಗಾಲಿಗಿಂತ ಪುಲ್ಲಿಯೇ ದೊಡ್ಡದಾಯಿತು! ಅರ್ಧ ಅಂಗುಲದ ಚೈನಿನಲ್ಲಾದರೆ, ಹತ್ತು ಹಲ್ಲಿನ ಚಕ್ರಕ್ಕೆ ತೊಂಬತ್ತು ಹಲ್ಲಿನ ಚಕ್ರ ಬೇಕು. ಅದರ ವ್ಯಾಸವು 14 ಅಂಗುಲಕ್ಕೂ ಮಿಗಿಲಾಗಿ, ನೆಲಕ್ಕೂ ಚೈನಿಗೂ ನಡುವೆ ಒಂದಂಗುಲವೂ ಉಳಿಯದೆ, ಮೊದಲ ಕಲ್ಲಿಗೇ ಅದು ಬಡಿಯುವುದು. ಇದರ ಬದಲು ನಡುವೆ ಒಂದು ದಂಡವನ್ನು ಎರಡು ಬೇರಿಂಗುಗಳ ಮೇಲೆ ನಿಲ್ಲಿಸಿ, ಎಂಜಿನಿನ 3 ಅಂಗುಲದ ಪುಲ್ಲಿಯಿಂದ ದಂಡದ 9 ಅಂಗುಲದ ಪುಲ್ಲಿಗೆ ಬೆಲ್ಟನ್ನೂ, ದಂಡದ 15 ಹಲ್ಲಿನ ಚಕ್ರದಿಂದ ಗಾಲಿಯ 45 ಹಲ್ಲಿನ ಚಕ್ರಕ್ಕೆ ಚೈನನ್ನೂ ಹಾಕಿದರೆ, ಮೂರು ಮೂರಲ ಒಂಬತ್ತು. ಲೆಕ್ಕವೂ ಸರಿಹೋಯಿತು, ಚೌಕಟ್ಟಿನಲ್ಲಿ ಸ್ಥಳವೂ ಸರಿಹೋಯಿತು.

ಇದೇ ಲೆಕ್ಕದಲ್ಲಿ ಎಳೆತಗಳನ್ನು ನೋಡಿದರೆ ನಮ್ಮ ಸಿದ್ಧಾಂತವು ಇನ್ನೂ ಸ್ಪಷ್ಟವಾಗುತ್ತದೆ. ಎಂಜಿನಿನ ಬಳಿ ಬೆಲ್ಟು ಸೆಕೆಂಡಿಗೆ ಒಂಬತ್ತೂವರೆ ಮೀಟರಿನಂತೆ ಓಡುವುದರಿಂದ ಅದು ಎಳೆಯಬೇಕಾದುದು ಸುಮಾರು 24 ಕಿಲೋಗ್ರಾಮಿನ ಭಾರವನ್ನು ಮಾತ್ರ. ಅಂಗಡಿಯಲ್ಲಿ ‘ಎ’ ಎಂದು ಗುರುತಿಸುವ, 13 ಮಿಲಿಮೀಟರು ಅಗಲದ ಎರಡು ಬೆಲ್ಟುಗಳನ್ನು ಜೋಡಿಯಾಗಿ ಹಾಕಿದರೆ ನಿಶ್ಚಿಂತೆ. ನಡುದಂಡದ ಬಳಿ ವೇಗವು ಮೂರರಲ್ಲೊಂದಾಗಿರುವುದರಿಂದ ಅಲ್ಲಿಯೂ ಅದೇ 3 ಅಂಗುಲದ ಪುಲ್ಲಿಗೆ ಬೆಲ್ಟನ್ನೇ ಹಾಕಿದ್ದರೆ ಎಳೆತವು 72 ಕಿಲೋಗ್ರಾಮಿಗೆ ಏರಿ, ಬೆಲ್ಟು ಜಾರುವುದು ನಿಶ್ಚಯ. ಅಲ್ಲಿ ಹಾಕಿದ ಚೈನಿನ ಮೇಲೆ ಬೀಳುವುದು 90 ಕಿಲೋಗ್ರಾಮು; ಅದಾದರೋ, ಸೈಕಲ್ಲಿನದನ್ನು ಬಿಟ್ಟು ಮೋಟಾರ್ ಸೈಕಲ್ಲಿಗೆ ಹಾಕುವ ಅರ್ಧ ಅಂಗುಲದ ಗಟ್ಟಿ ಚೈನನ್ನು ಆರಿಸಿದರೆ, ಹರಿಯಲು ಒಂದೂವರೆ ಟನ್ನಿಗೂ ಮಿಗಿಲಾದ ಎಳೆತವನ್ನು ಬೇಡುವ ವಸ್ತು. ಅಂತಿಮವಾಗಿ ಗಾಲಿಯು ನೆಲವನ್ನು ಸುಮಾರು 40 ಕಿಲೋಗ್ರಾಮಿನ ಬಲದಿಂದ ಹಿಂದಕ್ಕೆ ಒದೆಯುತ್ತದೆ. ಸವಾರನೂ ಸಾಮಾನೂ ಸೇರಿ 250 ಕಿಲೋಗ್ರಾಮು ತೂಗುವ ಬಂಡಿಯು ಹತ್ತಡಿಗೆ ಒಂದಡಿ ಏರುವ ದಿಣ್ಣೆಯನ್ನು ಹತ್ತಲು ಇಷ್ಟು ಸಾಕು.

ಆರಿಸಿದ ಮೇಲೆ ಪೋಷಿಸುವ ಮಾತು. ಬೆಲ್ಟಿಗೂ ಚೈನಿಗೂ ಸಮಾನವಾದ ಶತ್ರುವೆಂದರೆ ಓರೆ. ಎರಡು ಚಕ್ರಗಳು ಒಂದೇ ಸಾಲಿನಲ್ಲಿ ಇರಬೇಕು. ಇದನ್ನು ನೋಡಲು ಬೆಲೆಬಾಳುವ ಉಪಕರಣ ಬೇಡ, ಗಾರೆಯವನು ಗೋಡೆಗೆ ಹಿಡಿಯುವ ದಾರವೇ ಸಾಕು. ದಾರವನ್ನು ದೊಡ್ಡ ಚಕ್ರದ ಮುಖಕ್ಕೆ ಬಿಗಿಯಾಗಿ ಹಿಡಿದು ಸಣ್ಣ ಚಕ್ರದವರೆಗೆ ಎಳೆದರೆ, ಅದು ಎರಡರ ಅಂಚನ್ನೂ ಒಂದೇ ಸಮನಾಗಿ ತಾಕಬೇಕು. ಬೆಲ್ಟಿಗೆ ಎಣ್ಣೆ ವಿಷ. ಚೈನಿಗೆ ಎಣ್ಣೆಯೇ ಅನ್ನ, ಧೂಳು ವಿಷ. ಎಣ್ಣೆಯ ಜೊತೆಗೆ ಮರಳು ಸೇರಿತೆಂದರೆ ಅದು ಸಾಣೆಕಲ್ಲಿನ ಕೆಲಸ ಮಾಡಿ ಕಡ್ಡಿ ಬುಷ್ಷುಗಳನ್ನು ತಿಂದುಬಿಡುತ್ತದೆ. ನಮ್ಮ ಮೈಸೂರಿನಲ್ಲಿ 1960ರ ದಶಕದಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲನ್ನು ಕಂಡವರಿಗೆ ಅದರ ಹಿಂದಿನ ಚೈನು ಕಣ್ಣಿಗೇ ಬೀಳದಂತೆ ಪೂರ್ತಿಯಾಗಿ ತಗಡಿನ ಕವಚದೊಳಗೆ ಅಡಗಿದ್ದುದು ನೆನಪಿರಬಹುದು. ನಮ್ಮ ಕೆಮ್ಮಣ್ಣಿನ ರಸ್ತೆಗಳಿಗೆ ಅದಕ್ಕಿಂತ ವಿವೇಕದ ಏರ್ಪಾಡಿಲ್ಲ. ಚೈನನ್ನು ತಂತಿಯಂತೆ ಬಿಗಿಯಬಾರದು. ಎರಡು ಚಕ್ರಗಳ ನಡುವೆ 18 ಅಂಗುಲ ಅಂತರವಿದ್ದರೆ ನಟ್ಟನಡುವೆ ಬೆರಳಿನಿಂದ ಎತ್ತಿದಾಗ ಅರ್ಧ ಅಂಗುಲದಷ್ಟು ಆಡಬೇಕು. ಅದು ಸವೆದಂತೆ ಉದ್ದವಾಗುತ್ತದೆ. ಅರ್ಧ ಅಂಗುಲದ ಚೈನಿನ ಇಪ್ಪತ್ತನಾಲ್ಕು ಕೊಂಡಿಗಳು ಹೊಸತರಲ್ಲಿ ಸರಿಯಾಗಿ 12 ಅಂಗುಲ ಅಳೆಯುತ್ತವೆ. ಅದು ಹನ್ನೆರಡೂಕಾಲು ಆದ ದಿನ ಚೈನನ್ನು ಕಳಚಬೇಕು, ಇಲ್ಲವಾದರೆ ಅದು ಚಕ್ರದ ಹಲ್ಲುಗಳನ್ನೂ ತನ್ನ ಜೊತೆಗೆ ಕೆಡಿಸುತ್ತದೆ. ಕೊಂಡಿಗಳ ಸಂಖ್ಯೆ ಸಮವಾಗಿಯೂ ಸಣ್ಣ ಚಕ್ರದ ಹಲ್ಲುಗಳ ಸಂಖ್ಯೆ ಬೆಸವಾಗಿಯೂ ಇದ್ದರೆ, ಅದದೇ ಹಲ್ಲು ಅದದೇ ಕೊಂಡಿಯನ್ನು ಮತ್ತೆ ಮತ್ತೆ ಸಂಧಿಸದೆ ಸವೆತವು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ನಮ್ಮ ಹದಿನೈದು ಹಲ್ಲಿನ ಆಯ್ಕೆಗೆ ಇದೂ ಒಂದು ಕಾರಣ.

ಇಂದಿನ ತರುಣರಲ್ಲಿ ಅನೇಕರು ಎಂಜಿನಿನ ಬದಲು ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಹಾಕುತ್ತಿದ್ದಾರೆ. ಅವರಿಗೆ ಹೇಳಬೇಕಾದುದು ತುಸು ಬೇರೆ. ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಎಂಜಿನಿನಂತೆ ಅದು ಖಾಲಿ ತಿರುಗಬೇಕಾಗಿಲ್ಲವಾದುದರಿಂದ ಕ್ಲಚ್ಚು ಬೇಡ, ಅದರ ತಿರುಗಾಟದಲ್ಲಿ ಹೊಡೆತಗಳಿಲ್ಲವಾದುದರಿಂದ ಅವನ್ನು ನುಂಗುವ ಬೆಲ್ಟೂ ಅಷ್ಟಾಗಿ ಬೇಡ. ವೇಗವನ್ನು ಮೆಲ್ಲಮೆಲ್ಲನೆ ಏರಿಸುವ ನಿಯಂತ್ರಕವು ಇದ್ದ ಪಕ್ಷದಲ್ಲಿ, ಅಂಥ ಬಂಡಿಗೆ ಚೈನೊಂದೇ ಸಾಕಾದೀತು. ಎಂಜಿನು ಬದಲಾದರೆ ಉತ್ತರವೂ ಬದಲಾಗುತ್ತದೆ. ವಿಚಾರದ ಕ್ರಮ ಮಾತ್ರ ಬದಲಾಗುವುದಿಲ್ಲ.

ಇನ್ನು ಮುಗಿಸುವ ಮೊದಲು ಮೂರು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಮೊದಲನೆಯದು: ತಿರುಗುವ ಬೆಲ್ಟಿಗೂ ಚೈನಿಗೂ ಪಂಚೆಯ ಅಂಚು, ಸೀರೆಯ ಸೆರಗು, ಹೆಣ್ಣುಮಕ್ಕಳ ಜಡೆ, ಮಗುವಿನ ಬೆರಳು, ಇವುಗಳ ಭೇದವೇ ತಿಳಿಯದು. ತಗಡಿನ ಕವಚವನ್ನು ಬಂಡಿ ಓಡಿದ ಮೇಲೆ ಮಾಡಿಸೋಣವೆಂದು ಮುಂದಕ್ಕೆ ಹಾಕಬೇಡಿರಿ. ಕವಚವಿಲ್ಲದ ಬಂಡಿ ಇನ್ನೂ ಬಂಡಿಯಾಗಿಲ್ಲವೆಂದೇ ತಿಳಿಯಿರಿ. ಎರಡನೆಯದು: ಬ್ರೇಕು ಚೈನಿನ ಈಚೆಗೆ ಇರಕೂಡದು, ಆಚೆಗೆ, ಗಾಲಿಯ ಮೇಲೆಯೇ ಇರತಕ್ಕದ್ದು, ಚೈನು ಹರಿದರೂ ಬಂಡಿ ನಿಲ್ಲಬೇಕು. ಮೂರನೆಯದು: ಮನೆಯಲ್ಲಿ ಕಟ್ಟಿದ ಬಂಡಿಯು ನಿಮ್ಮ ಅಂಗಳಕ್ಕೂ ತೋಟಕ್ಕೂ ಸಲ್ಲುವುದು, ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವುದನ್ನು ಮೋಟಾರು ವಾಹನಗಳ ಕಾಯಿದೆಯು ನಿಷೇಧಿಸಿದೆ, ಮತ್ತು ಆ ನಿಷೇಧವು ನ್ಯಾಯವಾದುದೇ.

ನಾವು ಮೂರನೆಯ ಸಲ ಕಟ್ಟಿದ ಬಂಡಿಯ ಕಥೆಯನ್ನು ಹೇಳಿ ನಿಮ್ಮಿಂದ ಬೀಳ್ಕೊಳ್ಳುತ್ತೇನೆ. ಗಿರಣಿಯ ಯಜಮಾನರೇ ತಮ್ಮಲ್ಲಿದ್ದ ಎರಡು ಬೇರಿಂಗುಗಳನ್ನೂ ಒಂದು ತುಂಡು ಉಕ್ಕಿನ ದಂಡವನ್ನೂ ಕೊಟ್ಟರು. ಎಂಜಿನಿನಿಂದ ದಂಡಕ್ಕೆ ಬೆಲ್ಟು, ದಂಡದಿಂದ ಗಾಲಿಗೆ ಚೈನು. ಅಣ್ಣ ಸನ್ನೆಕೋಲನ್ನು ಹಿಡಿದು ಕುಳಿತನು. ನಾನು ಪಕ್ಕದಲ್ಲಿ ನಡೆಯುತ್ತ ಬಂದೆ. ಅದೇ ಏರು, ಅದೇ ತುಂತುರು. ಅಣ್ಣ ಕೋಲನ್ನು ಮೆಲ್ಲನೆ ಒತ್ತಿದಾಗ ಬೆಲ್ಟು ಮೊದಲು ತುಸು ಜಾರಿತು, ಆಮೇಲೆ ಹಿಡಿಯಿತು. ಚೈನು ಒಮ್ಮೆ ಬಿಗಿದು ಗಾಲಿಯನ್ನು ಎಳೆಯಿತು. ಬಂಡಿ ನಡೆಯುವವನ ವೇಗದಲ್ಲಿ, ನಿಲ್ಲದೆ, ದಿಣ್ಣೆಯ ತುದಿಯನ್ನು ಮುಟ್ಟಿತು. ಮೇಲೆ ಕೊಡೆ ಹಿಡಿದು ಕಾದಿದ್ದ ಯಜಮಾನರು ಬಂಡಿಯನ್ನು ಹೊಗಳಲಿಲ್ಲ. ಬಾಗಿ ಬೆಲ್ಟಿನ ಮೇಲೆ ಅಂಗೈಯಿಟ್ಟು ಅದು ಎಷ್ಟು ಬಿಸಿಯಾಗಿದೆಯೆಂದು ನೋಡಿದರು. ಚೈನನ್ನು ಬೆರಳಿನಿಂದ ಎತ್ತಿ ಎಷ್ಟು ಆಡುತ್ತದೆಯೆಂದು ನೋಡಿದರು. ಆಮೇಲೆ ಅಣ್ಣನ ಮುಖವನ್ನು ನೋಡಿ, “ಇನ್ನು ಇಳಿಸು ನೋಡೋಣ, ಬ್ರೇಕು ಹೇಗಿದೆ” ಎಂದರು.